ಬೆರಳಿಗೆ ಎಟುಕದ ನವೆ

ಭುಜದ ಎಲುಬಿಗೂ ಬೆನ್ನುಮೂಳೆಗೂ ನಡುವೆ ಅಂಗೈಯಗಲದ ಜಾಗವೊಂದಿದೆ. ಕೈಯನ್ನು ಮೇಲಿನಿಂದ ಇಳಿಬಿಟ್ಟರೂ ಕೆಳಗಿನಿಂದ ತಂದರೂ ಬೆರಳು ಅಲ್ಲಿಗೆ ಸರಿಯಾಗಿ ಮುಟ್ಟದು. ಕೆಲವರಿಗೆ ಅಲ್ಲೇ, ಹೆಚ್ಚಾಗಿ ಒಂದೇ ಪಕ್ಕಕ್ಕೆ, ವರ್ಷಗಟ್ಟಲೆ ನವೆ. ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜುತ್ತಾರೆ, ಬಾಚಣಿಗೆಯಿಂದ ಕೆರೆದುಕೊಳ್ಳುತ್ತಾರೆ, ಮನೆಯವರನ್ನು ಕರೆದು ‘ಇನ್ನೂ ಸ್ವಲ್ಪ ಎಡಕ್ಕೆ’ ಎನ್ನುತ್ತಾರೆ. ನೋಡಿದರೆ ಗುಳ್ಳೆಯಿಲ್ಲ, ದದ್ದಿಲ್ಲ. ಕೆರೆದು ಕೆರೆದು ಕಪ್ಪಾದ ಚರ್ಮ ಮಾತ್ರ.

ಇದರ ಹೆಸರು ನೊಟಾಲ್ಜಿಯಾ ಪ್ಯಾರೆಸ್ಥೆಟಿಕಾ. 1934ರಲ್ಲಿ ರಷ್ಯಾದ ನರವೈದ್ಯ ಅಸ್ತ್ವಾತ್ಸಾತುರೋವ್ ಇದನ್ನು ವಿವರಿಸಿದರು. ಗ್ರೀಕ್ ಮೂಲದ ಆ ಹೆಸರಿಗೆ ಬೆನ್ನುನೋವು ಎಂಬ ಅರ್ಥವಿದ್ದರೂ ರೋಗಿಗಳನ್ನು ಕಾಡುವುದು ಮುಖ್ಯವಾಗಿ ನವೆಯೇ.

ತುರಿಸುವುದು ಚರ್ಮ, ತೊಂದರೆ ಇರುವುದು ನರದಲ್ಲಿ. ಎದೆಮಟ್ಟದ 2ರಿಂದ 6ನೇ ಕಶೇರುಕಗಳ, ಅಂದರೆ ಬೆನ್ನುಮೂಳೆಯ ಮಣಿಗಳ, ಪಕ್ಕದಿಂದ ಹೊರಡುವ ನರಗಳ ಹಿಂದಕ್ಕೆ ಚಾಚುವ ಕವಲುಗಳು ಬೆನ್ನಿನ ಸ್ನಾಯುಗಳನ್ನು ತೂರಿಕೊಂಡು, ಹೆಚ್ಚುಕಡಿಮೆ ಲಂಬಕೋನದಲ್ಲಿ ತಿರುಗಿ ಚರ್ಮವನ್ನು ಸೇರುತ್ತವೆ. ಆ ದಾರಿಯಲ್ಲಿ ಬಿಗಿದ ಸ್ನಾಯುವೋ ಸವೆದ ಮೂಳೆಯೋ ಜಾರಿದ ಡಿಸ್ಕೋ ನರವನ್ನು ಅದುಮಿದರೆ ಅದು ತಪ್ಪು ಸುದ್ದಿ ಕಳಿಸುತ್ತದೆ ಎಂಬುದು ಇಂದು ಹೆಚ್ಚಿನವರು ಒಪ್ಪುವ ವಿವರಣೆ. ಸುದ್ದಿ ಎಲ್ಲಿ ಹುಟ್ಟಿತೆಂಬುದು ಮಿದುಳಿಗೆ ತಿಳಿಯದು. ನರದ ತುದಿ ಇರುವ ಕಡೆಯೇ ನವೆ ಎಂದುಕೊಳ್ಳುತ್ತದೆ. ಮೊಣಕೈಗೆ ಪೆಟ್ಟು ಬಿದ್ದಾಗ ಕಿರುಬೆರಳು ಜುಮ್ಮೆನ್ನುವುದೂ ಹೀಗೆಯೇ. ಅಲರ್ಜಿ ಮಾತ್ರೆಗೆ ಇದು ಜಗ್ಗದಿರುವುದಕ್ಕೆ ಕಾರಣವೂ ಅದೇ. ಆ ಮಾತ್ರೆ ಅಲರ್ಜಿಯಲ್ಲಿ ನವೆ ಎಬ್ಬಿಸುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ತಡೆಯುತ್ತದೆ, ಇಲ್ಲಿ ಅದರ ಪಾತ್ರ ದೊಡ್ಡದಲ್ಲ.

ಹಾಗಾದರೆ ಬೆನ್ನುಮೂಳೆಯನ್ನೇ ಒತ್ತಿ ಸಡಿಲಿಸಿದರೆ? ಕೈರೋಪ್ರಾಕ್ಟಿಕ್ ಚಿಕಿತ್ಸಕರ ವಾದ ಇದು. ಈ ಪದ್ಧತಿ 1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಅವರಿಂದ ಶುರುವಾಯಿತು. ವಾದದಲ್ಲಿ ತರ್ಕವಿದೆ, ಒಬ್ಬಿಬ್ಬರಿಗೆ ನವೆ ತಗ್ಗಿದ ವರದಿಗಳೂ ಇವೆ. ಆದರೆ ಈ ನವೆ ತಾನಾಗಿಯೇ ಏರಿಳಿಯುವಂಥದ್ದು. ಮೂಳೆಯ ಸವೆತವೂ ನಡುವಯಸ್ಸು ದಾಟಿದ ಬಹಳಷ್ಟು ಜನರ ಎಕ್ಸ್‌ರೇಯಲ್ಲಿ ನವೆಯಿಲ್ಲದೆಯೂ ಕಾಣುತ್ತದೆ. ಚಿಕಿತ್ಸೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಿದ ದೊಡ್ಡ ಪ್ರಯೋಗಗಳ ಬಲ ಇದಕ್ಕಿಲ್ಲ. ಅದಿಲ್ಲದೆ ‘ಖಂಡಿತ ವಾಸಿ’ ಎನ್ನುವವರಿಗೆ ಹಣ ಕಟ್ಟಬೇಡಿ ಎಂದೇ ನಾನು ಹೇಳುತ್ತೇನೆ. ಮೂಳೆ ಟೊಳ್ಳಾದವರು ಜೋರಾಗಿ ಒತ್ತಿಸಿಕೊಳ್ಳಲೇಬಾರದು. ಕುತ್ತಿಗೆಯನ್ನು ಲಟಕ್ಕೆಂದು ತಿರುಗಿಸುವುದರಿಂದ ಅಪರೂಪಕ್ಕೆ ರಕ್ತನಾಳ ಹರಿದ ಉದಾಹರಣೆಗಳಿವೆ.

ಮೊದಲು ಚರ್ಮವೈದ್ಯರಿಗೆ ತೋರಿಸಿ. ಮೆಣಸಿನಕಾಯಿಯ ಖಾರದಂಶವಾದ ಕ್ಯಾಪ್ಸೈಸಿನ್ ಮುಲಾಮು ನರದ ತುದಿಗಳನ್ನು ಮಂಕಾಗಿಸುತ್ತದೆ. ಮೊದಲ ದಿನಗಳಲ್ಲಿ ಉರಿಯುತ್ತದೆ, ಬಿಟ್ಟರೆ ನವೆ ಮರಳುವುದುಂಟು. ಕೆಲವರಿಗೆ ಚರ್ಮವನ್ನು ಮರಗಟ್ಟಿಸುವ ಲಿಡೋಕೇನ್, ಇನ್ನು ಕೆಲವರಿಗೆ ನರದ ನೋವಿಗೆ ಬಳಸುವ ಗ್ಯಾಬಪೆಂಟಿನ್ ಕೊಡುತ್ತಾರೆ. ಬೆನ್ನಿನ ಸ್ನಾಯುಗಳ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟರಿಂದ ಕಲಿಯಬಹುದು.

ಕಪ್ಪು ಕಲೆಯನ್ನು ಕೊಳೆಯೆಂದುಕೊಂಡು ಸ್ನಾನದಲ್ಲಿ ನಾರು ಹಾಕಿ ತಿಕ್ಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತಿಕ್ಕಿದಷ್ಟೂ ಅದು ಕಪ್ಪಾಗುತ್ತದೆ. ನವೆ ಎದ್ದಾಗ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಐದು ನಿಮಿಷ ಅಲ್ಲಿಡಿಸಿಕೊಳ್ಳಿ. ಬಾಚಣಿಗೆ ತಲೆಗೇ ಇರಲಿ.