ಮೊದಲು ಕೈ ಹೋಗುವ ಜಾಗ ತೋರಿಸಿ

ಗಾಜಿನ ಮೇಲೆ ನಡೆದಾಡುತ್ತಾ ಕೆಳಗೆ ಮೀನು ನೋಡುವಂತೆ ನೆಲದೊಳಗೆ ಅಕ್ವೇರಿಯಂ ಮಾಡಿಸಬೇಕು ಎಂದು ಬರುವವರು ಕೂತ ಕೂಡಲೇ ಕೇಳುವುದು, ‘ಗಾಜು ಒಡೆಯೋದಿಲ್ಲ ತಾನೆ?’ ಸರಿಯಾಗಿ ಲೆಕ್ಕ ಹಾಕಿ ಕೂರಿಸಿದರೆ ಆ ಭಯ ಬೇಡ. ನಡೆದಾಡುವ ಗಾಜನ್ನು ಹಲವು ಪದರ ಅಂಟಿಸಿ ಮಾಡಿರುತ್ತಾರೆ. ಒಂದು ಪದರ ಸೀಳಿದರೂ ಉಳಿದವು ಭಾರ ಹೊರಬೇಕು. ಅದನ್ನು ನೋಡಿಕೊಳ್ಳುವುದು ಸ್ಟ್ರಕ್ಚರಲ್ ಇಂಜಿನಿಯರ್. 60 ಸೆಂ.ಮೀ. ಆಳದ ನೀರು ಚದರ ಮೀಟರಿಗೆ 600 ಕಿಲೋ ತೂಗುತ್ತದೆ. ವಾಸದ ಮನೆಯ ಮಹಡಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಆಸುಪಾಸಿನ ಬಳಕೆ ಭಾರಕ್ಕಷ್ಟೇ, ಅಂದರೆ ಜನ, ಸಾಮಾನುಗಳ ತೂಕಕ್ಕಷ್ಟೇ, ಕಟ್ಟಿರುತ್ತಾರೆ. ಮಹಡಿಯಲ್ಲಿ ತೊಟ್ಟಿ ಬೇಕೆನ್ನುವವರು ನನಗಿಂತ ಮೊದಲು ಆ ಇಂಜಿನಿಯರನ್ನು ಕಾಣಲಿ.

ನನ್ನ ಪ್ರಶ್ನೆ ಬೇರೆ. ಒಳಗೆ ಕೈ ಹಾಕುವುದು ಎಲ್ಲಿಂದ?

ಇದಕ್ಕೆ ಉತ್ತರ ಇಟ್ಟುಕೊಂಡು ಬಂದವರು ತೀರಾ ಕಡಿಮೆ. ‘ಮುಚ್ಚಳ ಗಿಚ್ಚಳ ಬೇಡ, ಗೋಡೆಯಿಂದ ಗೋಡೆಗೆ ಒಂದೇ ಗಾಜು ಇರಲಿ, ಗೆರೆ ಕಾಣಬಾರದು’ ಎನ್ನುತ್ತಾರೆ. ಆ ಆಸೆ ನನಗೂ ಅರ್ಥವಾಗುತ್ತದೆ, ನೋಡಲು ಚೆಂದವೇ. ಆದರೆ ಗಾಜಿನ ಕೆಳಮೈ ಸುಮ್ಮನಿರುವುದಿಲ್ಲ. ನೀರಿಗೂ ಗಾಜಿಗೂ ನಡುವೆ ಗಾಳಿ ಬಿಟ್ಟರೆ, ಬೆಚ್ಚಗಿನ ನೀರಿನ ಆವಿ ತಣ್ಣನೆಯ ಗಾಜಿಗೆ ತಾಗಿ ಹನಿಗಟ್ಟುತ್ತದೆ; ಬೆಳಗಾಗುವಷ್ಟರಲ್ಲಿ ಮೀನು ಕಾಣುವುದೇ ಇಲ್ಲ. ಗಾಳಿ ಬಿಡದೆ ನೀರು ತಾಗಿಸಿದರೆ ದೀಪದ ಬೆಳಕಿಗೆ ಪಾಚಿ ಹಿಡಿಯುತ್ತದೆ, ಜತೆಗೆ ನೀರು ಉಸಿರಾಡುವ ಮೇಲ್ಮೈಯೂ ಹೋಯಿತು. ಹೇಗೆ ಮಾಡಿದರೂ ಒರೆಸಲೇಬೇಕು. ಗಾಜಿನ ಒಳಗೊಂದು, ಹೊರಗೊಂದು ಅಯಸ್ಕಾಂತವಿಟ್ಟು ಉಜ್ಜುವ ಮ್ಯಾಗ್ನೆಟ್ ಬ್ರಷ್ ಇದೆಯಲ್ಲ ಎನ್ನುತ್ತೀರಿ. ಅಷ್ಟು ದಪ್ಪ ಗಾಜಿನಾಚೆಗೆ ಅದರ ಹಿಡಿತ ಸಡಿಲ; ನಡುವೆ ಒಂದು ಕಾಳು ಮರಳು ಸಿಕ್ಕಿಕೊಂಡರೆ ಗಾಜಿನ ಮೇಲೆ ಶಾಶ್ವತವಾದ ಗೀರು.

ಒಂದು ಮನೆಯಲ್ಲಿ ಊಟದ ಕೋಣೆಯ ನೆಲಕ್ಕೆ ಇಂಥ ತೊಟ್ಟಿ ಕೂರಿಸಿ, ಸುತ್ತಲೂ ಸಿಲಿಕೋನ್ ಹಾಕಿ ಮುಚ್ಚಿಬಿಟ್ಟಿದ್ದರು. ಮರದ ಬೇರಿನ ಸಂದಿಯಲ್ಲಿ ಒಂದು ಮೀನು ಸತ್ತಿತ್ತು. ನಾನು ಹೋದಾಗ ಆ ಮನೆಯ ಹುಡುಗಿ ಗಾಜಿನ ಮೇಲೆ ಬೋರಲು ಮಲಗಿ, ಟಾರ್ಚ್ ಹಿಡಿದು, ‘ಅಗೋ, ಅಲ್ಲೇ ಇದೆ ಅಂಕಲ್’ ಎಂದು ತೋರಿಸುತ್ತಿದ್ದಳು. ಎಲ್ಲರಿಗೂ ಕಾಣುತ್ತಿತ್ತು, ಯಾರ ಕೈಗೂ ಎಟುಕುತ್ತಿರಲಿಲ್ಲ. 30 ಮಿ.ಮೀ. ದಪ್ಪದ, ಒಂದೂವರೆ ಚದರ ಮೀಟರ್ ಗಾಜು ಎಂದರೆ 110 ಕಿಲೋ ಮೇಲೆಯೇ. ಸಿಲಿಕೋನ್ ಕೊಯ್ದು, ವ್ಯಾಕ್ಯೂಮ್ ಕಪ್ ಹಚ್ಚಿ, ಜನ ಸೇರಿಸಿ ಅದನ್ನು ಎತ್ತುವ ಹೊತ್ತಿಗೆ ಕೊಳೆತ ಮೀನಿನ ಅಮೋನಿಯಾದಿಂದ ಉಳಿದವೂ ಏದುಸಿರು ಬಿಡುತ್ತಿದ್ದವು.

ಹಾಗಾಗಿ ನನ್ನ ನಕ್ಷೆಯಲ್ಲಿ ತೊಟ್ಟಿಯ ಒಂದು ಉದ್ದದ ಬದಿಗೆ, ಪೂರ್ತಿ ಉದ್ದಕ್ಕೂ, ಸುಮಾರು ಅರ್ಧ ಮೀಟರ್ ಅಗಲದ ಬಾಯಿ ಇರುತ್ತದೆ. ಅದರ ಮೇಲೆ ಒಬ್ಬರೇ ಎತ್ತಬಹುದಾದ ಹಲಗೆಗಳು. ಗಾಳಿಯಾಡಲು ಹಲಗೆಗಳ ನಡುವೆ ಸಂದಿ. ಬೇಡವೆನ್ನಿಸಿದರೆ ಆ ಬಾಯಿಯನ್ನು ಗೋಡೆಗಂಟಿದ ಬೆಂಚಿನಡಿ ಅಡಗಿಸೋಣ, ತೆಗೆದುಹಾಕಲು ಮಾತ್ರ ಒಪ್ಪುವುದಿಲ್ಲ. ಆಳ 60 ಸೆಂ.ಮೀ. ದಾಟಿದರೆ ತೋಳು ತಳ ಮುಟ್ಟುವುದಿಲ್ಲ. ಅಗಲದ ವಿಷಯದಲ್ಲೂ ಅದೇ ಲೆಕ್ಕ, ಓರೆಯಾಗಿ ಚಾಚುವಾಗ ತೋಳು ಇನ್ನೂ ಗಿಡ್ಡವಾಗುತ್ತದೆ.

ಫಿಲ್ಟರ್ ಬಗ್ಗೆ ಒಂದೇ ಮಾತು. ಅದು ತೊಟ್ಟಿಗಿಂತ ಮೇಲಿದ್ದರೆ ಕರೆಂಟ್ ಹೋದ ಕ್ಷಣ ಕೊಳವೆಗಳ ನೀರು ತೊಟ್ಟಿಗಿಳಿಯುತ್ತದೆ. ಅದಕ್ಕೆ ಅಲ್ಲಿ ಖಾಲಿ ಜಾಗ ಬಿಟ್ಟಿರದಿದ್ದರೆ ನೀರು ಹಾಲ್‌ಗೆ ಹರಿಯುತ್ತದೆ.

ಮೀನನ್ನೂ ಮೇಲಿನಿಂದ ನೋಡಿಯೇ ಆರಿಸಿ. ಏಂಜೆಲ್, ಡಿಸ್ಕಸ್‌ನಂಥ ಚಪ್ಪಟೆ ಮೀನುಗಳ ಅಂದವೆಲ್ಲ ಪಕ್ಕೆಯಲ್ಲಿ. ಮೇಲಿನಿಂದ ಅವು ಬರೀ ಗೆರೆ. ಜಪಾನಿನ ರಾಂಚು ಗೋಲ್ಡ್‌ಫಿಶ್ ಮೇಲಿನಿಂದ ನೋಡಲೆಂದೇ ಬೆಳೆಸಿದ ತಳಿ. ಕೊಳದಲ್ಲಿ ಸಾಕುವ ಬಣ್ಣದ ಮೀನು ಕೋಯಿಯೂ ಹಾಗೆಯೇ, ಆದರೆ ಅದು ಅರ್ಧ ಮೀಟರ್ ದಾಟಿ ಬೆಳೆಯುತ್ತದೆ, ಈ ತೊಟ್ಟಿಗೆ ತರಬೇಡಿ. ಯಾವ ಮೀನೇ ಆಗಲಿ, ತಲೆಯ ಮೇಲೆ ನೆರಳು ಸರಿದರೆ ಹಕ್ಕಿ ಬಂತೆಂದು ಬೆದರುತ್ತದೆ. ಪಾಪ, ಅವಕ್ಕೆ ಅಡಗಲು ತೊಟ್ಟಿಯ ಮೂರನೇ ಒಂದು ಭಾಗವಾದರೂ ಮರೆ ಬಿಡಿ.

ನೀರು ತುಂಬಿದ ಮೇಲೆ ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಆ ದಿನಗಳಲ್ಲಿ ನೀವೇ ಮೊಣಕಾಲೂರಿ, ಹಲಗೆ ಎತ್ತಿ, ನಾಲ್ಕೂ ಮೂಲೆಗೆ ಕೈ ಚಾಚಿ ನೋಡಿ. ಎಲ್ಲಾದರೂ ಮುಟ್ಟದಿದ್ದರೆ ಆಗಲೇ ಕರೆಯಿರಿ, ಮೀನು ಬಿಡುವ ಮೊದಲೇ ತಿದ್ದೋಣ.