ಹಂಚು ಜಾರದ ಇಳಿಜಾರು: ಪೆಡಿಮೆಂಟಿನ ಲೆಕ್ಕಾಚಾರ

ಗ್ರೀಕ್ ದೇವಾಲಯದ ಚಿತ್ರ ನೋಡಿದವರಿಗೆಲ್ಲ ಕಂಬಗಳ ಸಾಲಿನ ಮೇಲೆ ಕೂತ ಆ ತಗ್ಗು ತ್ರಿಕೋನ ನೆನಪಿರುತ್ತದೆ. ಅದೇ ಪೆಡಿಮೆಂಟ್. ಬ್ಯಾಂಕು, ಕೋರ್ಟು, ಬಂಗಲೆಗಳ ಮುಂಭಾಗಕ್ಕೆ ಅದನ್ನು ಎಷ್ಟೋ ಸಲ ಅಂಟಿಸಿರುವುದರಿಂದ ಅದು ಅಂದಕ್ಕೆಂದೇ ಹುಟ್ಟಿದ ಆಕಾರ ಅನ್ನಿಸುತ್ತದೆ. ನಿಜದಲ್ಲಿ ಅದು ಎರಡು ಕಡೆಗೆ ನೀರಿಳಿಸುವ ಮಾಡಿನ ತುದಿ, ಅಷ್ಟೇ. ಅದರ ಎತ್ತರವನ್ನು ನಿರ್ಧರಿಸಿದ್ದು ಶಿಲ್ಪಿಯಲ್ಲ, ಮಾಡಿನ ಮೇಲಿನ ಹಂಚು.

ಗ್ರೀಕರ ಹಂಚು ಸಾಮಾನ್ಯವಾಗಿ ಸುಟ್ಟ ಮಣ್ಣಿನದು. ಅಥೆನ್ಸಿನ ಪಾರ್ಥೆನಾನ್‌ನಂಥ ಸಿರಿವಂತ ಕಟ್ಟಡದಲ್ಲಿ ಅಮೃತಶಿಲೆಯದು. ಅಗಲವಾದ ಅಡಿ ಹಂಚುಗಳನ್ನು ಸಾಲಾಗಿ ಹಾಸಿ, ಪಕ್ಕಪಕ್ಕದ ಎರಡರ ನಡುವಿನ ಸಂದಿಯ ಮೇಲೆ ಮುಚ್ಚು ಹಂಚು ಕವುಚುತ್ತಿದ್ದರು. ಬಹುಪಾಲು ಹಂಚುಗಳಿಗೆ ಮೊಳೆ ಇರುತ್ತಿರಲಿಲ್ಲ. ಸ್ವಂತ ಭಾರ ಮತ್ತು ಘರ್ಷಣೆಯಿಂದಲೇ ಅವು ಜಾಗದಲ್ಲಿ ನಿಲ್ಲಬೇಕಿತ್ತು. ನಮ್ಮ ಮಂಗಳೂರು ಹಂಚಿನ ಅಡಿಯಲ್ಲಿ ರೀಪಿಗೆ ಸಿಕ್ಕಿಕೊಳ್ಳುವ ಉಬ್ಬು ಇದೆ, ಹಾಗಾಗಿ ಕರಾವಳಿಯ ಮಳೆಗೆ ಬೇಕಾದಷ್ಟು ಕಡಿದಾದ ಮಾಡಿನ ಮೇಲೂ ಅದು ಜಾರದೆ ಕೂರುತ್ತದೆ. ಅಂಥ ಹಿಡಿತವಿಲ್ಲದ ಹಂಚಿಗೆ ಇಳಿಜಾರು ಹೆಚ್ಚಿಸುವಂತಿಲ್ಲ. ತೀರಾ ಕಡಿಮೆ ಮಾಡಿದರೆ ಗಾಳಿಗೆ ಮಳೆನೀರು ಸಂದಿಯೊಳಗೆ ಹಿಂದಕ್ಕೆ ನುಗ್ಗುತ್ತದೆ. ಈ ಎರಡು ತೊಂದರೆಗಳ ನಡುವೆ ಗ್ರೀಕರು ಕಂಡುಕೊಂಡ ಹದ ಸುಮಾರು 12ರಿಂದ 15 ಡಿಗ್ರಿ. ಪಾರ್ಥೆನಾನ್‌ನಲ್ಲಿ ಅದು ಹೆಚ್ಚುಕಡಿಮೆ 13.5 ಡಿಗ್ರಿ.

ಇನ್ನು ಭಾಗಗಳು. ಕಂಬಗಳ ಮೇಲಿನ ತೊಲೆ, ಅದರ ಮೇಲಿನ ಪಟ್ಟಿ ಮುಗಿದ ಕೂಡಲೇ ಅಡ್ಡಕ್ಕೆ ಚಾಚಿಕೊಂಡ ಕಲ್ಲಿನ ಅಂಚು ಅಡ್ಡ ಕಾರ್ನಿಸ್. ಅದೇ ತ್ರಿಕೋನದ ನೆಲ. ಮಾಡಿನ ಇಳಿಜಾರಿನ ಗುಂಟ ಏರುವ ಎರಡು ಅಂಚುಗಳು ಓರೆ ಕಾರ್ನಿಸ್. ಇವುಗಳ ನಡುವೆ ತುಸು ಹಿಂದಕ್ಕೆ ನಿಂತ ಗೋಡೆಗೆ ಟಿಂಪನಮ್ ಎಂದು ಹೆಸರು. ಓರೆ ಕಾರ್ನಿಸ್‌ನ ನೆತ್ತಿಯ ಮೇಲೆ ಮಳೆನೀರನ್ನು ತಡೆಯುವ, ಬಾಗಿದ ಮೈಯ ಇನ್ನೊಂದು ಪಟ್ಟಿ ಇರುತ್ತದೆ, ಅದು ಸೀಮಾ. ತುದಿಯಲ್ಲಿ ಮತ್ತು ಎರಡು ಮೂಲೆಗಳಲ್ಲಿ ನಿಲ್ಲಿಸುವ ಅಲಂಕಾರ ಅಕ್ರೊಟೇರಿಯನ್. ಗ್ರೀಕರು ಇಡೀ ತ್ರಿಕೋನವನ್ನು ‘ಹದ್ದು’ ಎಂಬರ್ಥದ ಮಾತಿನಿಂದಲೇ ಕರೆದರು. ರೆಕ್ಕೆ ಚಾಚಿದ ಹಕ್ಕಿಗೆ ಅದು ಹೋಲುವುದು ನಿಜ.

ಇಳಿಜಾರು ಕಡಿಮೆಯಾದ್ದರಿಂದ ತ್ರಿಕೋನ ಉದ್ದವಾಗಿ, ತೆಳುವಾಗಿ ಉಳಿಯಿತು. ಶಿಲ್ಪಿಯ ಕಷ್ಟ ಶುರುವಾಗುವುದು ಇಲ್ಲಿಂದ. ಪಾರ್ಥೆನಾನ್‌ನ ಟಿಂಪನಮ್ 28 ಮೀಟರ್‌ಗಿಂತ ತುಸು ಹೆಚ್ಚು ಅಗಲ, ನಡುವಿನ ಎತ್ತರ ಸುಮಾರು 3.4 ಮೀಟರ್. ಮೂಲೆಯಿಂದ 2 ಮೀಟರ್ ಒಳಗೆ ಬಂದರೆ ಸಿಗುವ ಎತ್ತರ ಬರೀ ಅರ್ಧ ಮೀಟರ್. 7 ಮೀಟರ್ ಒಳಗೆ ಬಂದರೆ 1.7 ಮೀಟರ್. ಅಂದರೆ ಆಳೆತ್ತರದ ಪ್ರತಿಮೆ ನೆಟ್ಟಗೆ ನಿಲ್ಲಲು ನಡುವಿನ ಅರ್ಧ ಭಾಗ ಮಾತ್ರ ಸಿಗುತ್ತದೆ. ಉಳಿದರ್ಧದಲ್ಲಿ ಕೂರಬೇಕು, ಬಾಗಬೇಕು, ಮಲಗಬೇಕು.

ಕ್ರಿ.ಪೂ. 580ರ ಸುಮಾರಿನ, ಕಾರ್ಫು ದ್ವೀಪದ ಆರ್ಟೆಮಿಸ್ ದೇವಾಲಯದಲ್ಲಿ ಇದಕ್ಕೆ ಸಿಕ್ಕ ಉತ್ತರ ಒರಟಾದದ್ದು. ನಡುವೆ ಹಾವಿನ ಕೂದಲಿನ ರಾಕ್ಷಸಿ ಮೆಡೂಸಾ ದೈತ್ಯಾಕಾರದಲ್ಲಿ, ಅಕ್ಕಪಕ್ಕ ದೊಡ್ಡ ಚಿರತೆಗಳು, ಮೂಲೆಗಳಲ್ಲಿ ಬೊಂಬೆಯಷ್ಟು ಚಿಕ್ಕ ಮನುಷ್ಯರು. ಜಾಗ ತುಂಬುತ್ತದೆ, ಆದರೆ ಒಂದೇ ಕಥೆಯ ಪಾತ್ರಗಳು ಒಂದೇ ಅಳತೆಯಲ್ಲಿರುವುದಿಲ್ಲ. ಸುಮಾರು ಒಂದು ಶತಮಾನದ ನಂತರ ಐಜಿನಾ ದ್ವೀಪದ ಅಫಾಯಾ ದೇವಾಲಯದ ಶಿಲ್ಪಿಗಳು ಕಥೆಯ ಆಯ್ಕೆಯಲ್ಲೇ ಪರಿಹಾರ ಕಂಡರು. ಅದು ಯುದ್ಧದ ದೃಶ್ಯ. ನಡುವೆ ದೇವಿ ಅಥೀನಾ, ಆಚೀಚೆ ನಿಂತು ಹೊಡೆದಾಡುವವರು, ಮಂಡಿಯೂರಿ ಬಾಣ ಬಿಡುವವರು, ಮೂಲೆಯಲ್ಲಿ ಬಿದ್ದು ಸಾಯುತ್ತಿರುವವರು. ದೇವಿಯನ್ನು ಬಿಟ್ಟರೆ ಎಲ್ಲರದೂ ಒಂದೇ ಅಳತೆ, ಇಳಿಯುವ ಮಾಡು ಅವರ ಭಂಗಿಗೆ ಸಹಜ ಕಾರಣವಾಗಿಬಿಟ್ಟಿತು. ಇವು ಈಗ ಮ್ಯೂನಿಕ್‌ನ ಗ್ಲಿಪ್ಟೊಥೆಕ್‌ನಲ್ಲಿವೆ. ಬಿಳಿಯಾಗಿ ಕಾಣುವ ಈ ಕಲ್ಲಿಗೆಲ್ಲ ಒಂದು ಕಾಲದಲ್ಲಿ ಗಾಢ ಬಣ್ಣವಿತ್ತು, ಹಿಂದಿನ ಗೋಡೆ ನೀಲಿ.

ಪಾರ್ಥೆನಾನ್‌ನ ಪೂರ್ವ ಪೆಡಿಮೆಂಟಿನ ಪರಿಹಾರ ಇನ್ನೂ ಸೊಗಸು, ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದೂ ಅದೇ. ವಿಷಯ ಅಥೀನಾಳ ಜನನ. ಎಡ ಮೂಲೆಯಲ್ಲಿ ಸೂರ್ಯದೇವ ಹೀಲಿಯೋಸ್‌ನ ಕುದುರೆಗಳು ತಲೆಯೆತ್ತಿ ಮೇಲೇಳುತ್ತಿವೆ, ಬಲ ಮೂಲೆಯಲ್ಲಿ ಚಂದ್ರದೇವಿ ಸೆಲೀನೆಯ ಕುದುರೆಗಳು ದಣಿದು ಮುಳುಗುತ್ತಿವೆ. ಇಡೀ ದೇಹ ಹಿಡಿಸದ ಜಾಗದಲ್ಲಿ ತಲೆ, ಕತ್ತು ಮಾತ್ರ ಕೆತ್ತಿ, ಕಾರ್ನಿಸ್‌ನ ನೆಲವನ್ನೇ ಕ್ಷಿತಿಜವನ್ನಾಗಿ ಮಾಡಿದರು. ಬ್ರಿಟಿಷ್ ಮ್ಯೂಸಿಯಮ್‌ನಲ್ಲಿರುವ ಸೆಲೀನೆಯ ಕುದುರೆಯ ಕೆಳದವಡೆ ಮೂಲ ಜಾಗದಲ್ಲಿ ಕಾರ್ನಿಸ್‌ನ ಅಂಚು ದಾಟಿ ಹೊರಗೆ ಇಳಿಬಿದ್ದಿತ್ತು.

ಭಾರದ ಲೆಕ್ಕ ಬೇರೆಯೇ ಇದೆ. ಅಮೃತಶಿಲೆ ಒಂದು ಘನ ಮೀಟರ್‌ಗೆ ಸುಮಾರು 2.7 ಟನ್ ತೂಗುತ್ತದೆ. ಪ್ರತಿಮೆಗಳು ನಿಲ್ಲಬೇಕಾದ ಕಟ್ಟೆಯ ಅಗಲ ಸುಮಾರು 0.9 ಮೀಟರ್, ಅದರ ಹೊರಭಾಗ ಗಾಳಿಯಲ್ಲಿ ಚಾಚಿಕೊಂಡ ಕಾರ್ನಿಸ್. ಅಂಚಿನ ಮೇಲೆ ಭಾರ ಬಿದ್ದರೆ ಕಲ್ಲು ಸೀಳುತ್ತದೆ, ಏಕೆಂದರೆ ಕಲ್ಲು ಒತ್ತಡವನ್ನು ತಾಳಿದಷ್ಟು ಎಳೆತವನ್ನು ತಾಳುವುದಿಲ್ಲ. ಹಾಗಾಗಿ ಅತಿ ಭಾರದ ಪ್ರತಿಮೆಗಳ ಅಡಿಯಲ್ಲಿ ಕಬ್ಬಿಣದ ಪಟ್ಟಿಗಳನ್ನು ಹುದುಗಿಸಿದರು. ಪಟ್ಟಿಯ ಹಿಂತುದಿ ಟಿಂಪನಮ್ ಗೋಡೆಯೊಳಗೆ ಸೇರಿರುತ್ತಿತ್ತು, ಗೋಡೆಯ ಭಾರವೇ ಅದನ್ನು ಅದುಮಿ ಹಿಡಿಯುತ್ತಿತ್ತು. ಆ ಪಟ್ಟಿಗಳಿಗಾಗಿ ಕೊರೆದ ತೋಡುಗಳು ಕಾರ್ನಿಸ್‌ನ ನೆಲದಲ್ಲಿ ಇನ್ನೂ ಇವೆ. ಪ್ರತಿಮೆಗಳೇ ಇಲ್ಲದ ಕಡೆ ಯಾವುದು ಎಲ್ಲಿತ್ತು ಎಂದು ಊಹಿಸಲು ವಿದ್ವಾಂಸರು ನೆಚ್ಚುವ ಗುರುತುಗಳಲ್ಲಿ ಇವೂ ಸೇರಿವೆ.

ಕಬ್ಬಿಣಕ್ಕೆ ಒಂದು ಕೆಟ್ಟ ಗುಣವಿದೆ. ತುಕ್ಕು ಹಿಡಿದರೆ ಉಬ್ಬುತ್ತದೆ, ಉಬ್ಬಿದರೆ ಸುತ್ತಲಿನ ಕಲ್ಲನ್ನು ಒಡೆಯುತ್ತದೆ. ಪ್ರಾಚೀನರು ಕಲ್ಲುಗಳನ್ನು ಬಿಗಿಯುವ ಕಬ್ಬಿಣದ ಕೊಂಡಿಗಳ ಸುತ್ತ ಸೀಸ ಎರೆದು ಗಾಳಿ, ನೀರು ತಾಗದಂತೆ ಮಾಡುತ್ತಿದ್ದರು. 20ನೇ ಶತಮಾನದ ಮೊದಲ ದಶಕಗಳ ದುರಸ್ತಿಯಲ್ಲಿ ಆ ಕವಚವಿಲ್ಲದೆ ಕಬ್ಬಿಣ ಬಳಸಿದ್ದರಿಂದ ಪಾರ್ಥೆನಾನ್‌ನ ಕಲ್ಲುಗಳು ಬಿರುಕು ಬಿಟ್ಟವು. ಈಗಿನ ದುರಸ್ತಿಯಲ್ಲಿ ಅವನ್ನು ಕಿತ್ತು ತುಕ್ಕು ಹಿಡಿಯದ ಟೈಟಾನಿಯಮ್ ಹಾಕಲಾಗಿದೆ.

ಉಳಿದ ಹಾನಿ ಮನುಷ್ಯರದು. ಪಾರ್ಥೆನಾನ್ ಚರ್ಚಾದಾಗ ಪೂರ್ವದಲ್ಲಿ ಅರೆವೃತ್ತದ ಗೋಡೆ ಕಟ್ಟಲು ನಡುವಿನ ಪ್ರತಿಮೆಗಳನ್ನು ತೆಗೆದರು. 1687ರಲ್ಲಿ ವೆನಿಸ್ ಸೇನೆಯ ಗುಂಡಿಗೆ ಒಳಗಿದ್ದ ಮದ್ದು ಸಿಡಿಯಿತು. ಅದಾದ ಮೇಲೆ ಸೇನಾಪತಿ ಮೊರೊಸಿನಿ ಪಶ್ಚಿಮ ಪೆಡಿಮೆಂಟಿನ ಪ್ರತಿಮೆಗಳನ್ನು ಇಳಿಸಲು ಹೋದಾಗ ಅವು ನೆಲಕ್ಕೆ ಬಿದ್ದು ಪುಡಿಯಾದವು. ಅದಕ್ಕೂ ಮೊದಲು, 1674ರಲ್ಲಿ, ಒಬ್ಬ ಚಿತ್ರಕಾರ ಮಾಡಿಟ್ಟ ರೇಖಾಚಿತ್ರಗಳು ಉಳಿದದ್ದು ನಮ್ಮ ಭಾಗ್ಯ.

ಮಾಡಿನ ತುದಿಯಾಗಿದ್ದದ್ದು ಗೌರವದ ಗುರುತಾದದ್ದು ರೋಮಿನಲ್ಲಿ. ಕ್ಯಾಪಿಟೋಲಿನ್ ದೇವಾಲಯದ ತ್ರಿಕೋನ ಹುಟ್ಟಿದ್ದು ನೀರಿಳಿಸಲು, ಆದರೆ ಈಗ ಮಳೆಯೇ ಬಾರದ ಸ್ವರ್ಗದಲ್ಲಿ ಆ ದೇವಾಲಯ ಕಟ್ಟಿದರೂ ಅದಿಲ್ಲದೆ ಘನತೆ ಬಾರದು ಎಂದು ರೋಮಿನ ವಾಗ್ಮಿ ಸಿಸೆರೊ ಬರೆದ. ದೇವರ ಮನೆಯ ಈ ಚಿಹ್ನೆಯನ್ನು ಜೂಲಿಯಸ್ ಸೀಸರ್‌ನ ಮನೆಗೆ ಇಡಲು ಸೆನೆಟ್ ಅನುಮತಿ ಕೊಟ್ಟದ್ದು ಅಸಾಮಾನ್ಯ ಗೌರವ. ಮುಂದೆ ಕಿಟಕಿ, ಬಾಗಿಲು, ಗೂಡುಗಳ ಮೇಲೂ ತ್ರಿಕೋನ ಬಂತು, ಕಮಾನಿನ ಬಾಗು ಬಂತು, ನಡುವೆ ಕತ್ತರಿಸಿದ ಒಡಕು ಪೆಡಿಮೆಂಟ್ ಬಂತು. ಈ ಒಡಕನ್ನು 16ನೇ ಶತಮಾನದ ಇಟಲಿಯ ವಾಸ್ತುಶಿಲ್ಪಿ ಪಲ್ಲಾಡಿಯೊ ತಪ್ಪೆಂದೇ ಬರೆದ, ಮಳೆನೀರನ್ನು ಆಚೀಚೆ ಇಳಿಸುವ ಅಂಗವನ್ನು ನಡುವೆಯೇ ಸೀಳುವುದು ಅದರ ಕೆಲಸಕ್ಕೆ ವಿರುದ್ಧ ಎಂಬ ಕಾರಣಕ್ಕೆ. ಅವನ ಮಾತು ನನಗೆ ಸರಿಯೆನ್ನಿಸುತ್ತದೆ.

ಎತ್ತರ ಗೊತ್ತುಮಾಡಲು ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಕೊಟ್ಟ ಸೂತ್ರ, ಅಗಲದ ಒಂಬತ್ತನೇ ಒಂದು ಭಾಗ. 6 ಮೀಟರ್ ಅಗಲಕ್ಕೆ 67 ಸೆಂಟಿಮೀಟರ್, ಇಳಿಜಾರು 12.5 ಡಿಗ್ರಿ. ನಂತರದ ಯುರೋಪಿನ ಕಟ್ಟಡಗಾರರು ಬಳಸಿದ ಕೈವಾರದ ವಿಧಾನ ಇದಕ್ಕಿಂತ ಕಡಿದಾದ ತ್ರಿಕೋನ ಕೊಡುತ್ತದೆ. ತಳದ ಗೆರೆ ಎಳೆದು, ಅದರ ನಡುವಿನಿಂದ ನೇರ ಕೆಳಕ್ಕೆ ತಳದ ಅರ್ಧದಷ್ಟು ಇಳಿದು ಚುಕ್ಕೆ ಇಡಿ. ಕೈವಾರದ ಮೊನೆಯನ್ನು ಅಲ್ಲಿ ಊರಿ, ತಳದ ತುದಿಯವರೆಗೆ ಚಾಚಿ ಕಂಸ ಎಳೆಯಿರಿ. ಕಂಸದ ನೆತ್ತಿಯೇ ಶಿಖರ. 6 ಮೀಟರ್‌ಗೆ ಎತ್ತರ 1.24 ಮೀಟರ್, ಇಳಿಜಾರು 22.5 ಡಿಗ್ರಿ. ತುದಿಗಳನ್ನು ಶಿಖರಕ್ಕೆ ನೇರ ಗೆರೆಯಿಂದ ಸೇರಿಸಿದರೆ ತ್ರಿಕೋನ ಪೆಡಿಮೆಂಟ್, ಕಂಸವನ್ನೇ ಉಳಿಸಿಕೊಂಡರೆ ಬಾಗಿದ್ದು. ಒಂದೇ ಎತ್ತರದಲ್ಲಿ ಎರಡೂ ಸಿಗುವುದರಿಂದ ಕಿಟಕಿಗಳ ಸಾಲಿನಲ್ಲಿ ಒಂದು ಬಿಟ್ಟು ಒಂದರಂತೆ ಇವನ್ನು ಇಡಬಹುದು.

ಇಂದಿನ ಮನೆಗಳಲ್ಲಿ ತಪ್ಪುವುದು ಮೂರು ಕಡೆ. ತ್ರಿಕೋನವನ್ನು 40 ಡಿಗ್ರಿಗೆ ಏರಿಸಿ ಕಂಬಗಳನ್ನು ಕುಬ್ಜ ಮಾಡುತ್ತಾರೆ. ಟಿಂಪನಮ್‌ನ ಮೈ ಕೆಳಗಿನ ಪಟ್ಟಿಯ ಮೈಗೆ ನೇರವಾಗಿರಬೇಕಾದಲ್ಲಿ ಮುಂದಕ್ಕೆ ತಂದು, ಕಾರ್ನಿಸ್‌ನ ನೆರಳೇ ಬೀಳದಂತೆ ಮಾಡುತ್ತಾರೆ. ನೀರು ತಡೆಯುವ ಸೀಮಾ ಪಟ್ಟಿಯನ್ನು ಓರೆ ಕಾರ್ನಿಸ್‌ಗೆ ಮಾತ್ರ ಇಡದೆ ತ್ರಿಕೋನದ ನೆಲದ ಅಡ್ಡ ಕಾರ್ನಿಸ್‌ಗೂ ಇಡುತ್ತಾರೆ. ಮಾಡಿನ ನೀರು ಅಲ್ಲಿಗೆ ಬರುವುದೇ ಇಲ್ಲ, ಮೂಲೆಯಲ್ಲಿ ಎರಡು ಸೀಮಾಗಳು ಒಂದರ ಮೇಲೊಂದು ಹತ್ತಿ ಕೂರುತ್ತವೆ. ಪಕ್ಕದ ಸೂರಿನ ಸೀಮಾ ಮೂಲೆಯಲ್ಲಿ ಓರೆ ಸೀಮಾಕ್ಕೆ ಸೇರುವುದೂ ಸುಲಭವಲ್ಲ. ಎರಡಕ್ಕೂ ಒಂದೇ ಅಚ್ಚು ಬಳಸಿದರೆ ಕೂಡುಗೆರೆ ಹೊಂದುವುದಿಲ್ಲ. ಇಳಿಜಾರಿನ ಕೋನಕ್ಕೆ ತಕ್ಕಂತೆ ಒಂದರ ಅಚ್ಚನ್ನು ಬೇರೆಯಾಗಿ ಬರೆದುಕೊಂಡು, ಗಾರೆ ಎಳೆಯುವ ಮೊದಲೇ ಅದನ್ನು ತಗಡಿನಲ್ಲಿ ಕತ್ತರಿಸಿ ಮೂಲೆಗೆ ಹಿಡಿದು ನೋಡಬೇಕು.