ಸೋರದ ಸಿಲಿಂಡರೂ ಸವೆದಿರುತ್ತದೆ

"ಸಾಹೇಬ್ರ, ಗಾಡಿ ಛಲೋ ಓಡಾಕತ್ತೈತಿ, ಗ್ಯಾಸ್ ಎಲ್ಲೂ ಸೋರೂದಿಲ್ಲ, ಮತ್ತ ಸಿಲಿಂಡರ್ ಟೆಸ್ಟ್ ಯಾಕ ಬೇಕ್ರಿ?" ಬೆಳಗಾವಿಯ ಉದ್ಯಮಬಾಗದಲ್ಲಿರುವ ನನ್ನ ವರ್ಕ್‌ಶಾಪಿನಲ್ಲಿ ವಾರಕ್ಕೆ ನಾಲ್ಕೈದು ಸಲವಾದರೂ ಈ ಪ್ರಶ್ನೆ ಕೇಳಿಬರುತ್ತದೆ. ಆಟೊದವರು, ಟಮ್‌ಟಮ್ ಓಡಿಸುವವರು, ಸ್ವಂತ ಕಾರಿಗೆ ಸಿಎನ್‌ಜಿ (ಒತ್ತಿ ತುಂಬಿದ ನೈಸರ್ಗಿಕ ಅನಿಲ) ಕಿಟ್ ಹಾಕಿಸಿಕೊಂಡ ನೌಕರರು, ವ್ಯಾಪಾರಸ್ಥರು, ಯಾರೂ ಇದಕ್ಕೆ ಹೊರತಲ್ಲ. ಪ್ರತಿಯೊಬ್ಬರಿಗೂ ಕೂತು ವಿವರಿಸುತ್ತೇನೆ, ಅವರು ತಲೆಯಾಡಿಸಿ ಹೋಗುತ್ತಾರೆ. ಆರು ತಿಂಗಳ ನಂತರ ಅದೇ ಗಾಡಿ, ದಿನಾಂಕ ಮುಗಿದ ಅದೇ ಸಿಲಿಂಡರಿನೊಡನೆ, ಕೇವಲ ಪ್ಲಗ್ ಬದಲಿಸಿಕೊಳ್ಳಲು ಬಂದು ನಿಲ್ಲುತ್ತದೆ. ಬಾಯಿಮಾತು ಸಾಲಲಿಲ್ಲವೆಂದು ಈ ಬಾರಿ ಬರೆಯುತ್ತಿದ್ದೇನೆ.

ಸಿಎನ್‌ಜಿಯ ಲಾಭ ನಷ್ಟಗಳು ಬಹಳ ಜನರಿಗೆ ಗೊತ್ತಿರುವುದರಿಂದ ಅವನ್ನು ಚುಟುಕಾಗಿ ಹೇಳುತ್ತೇನೆ. ಒಂದು ಕಿಲೋ ಸಿಎನ್‌ಜಿಯಲ್ಲಿರುವ ಶಾಖ ಸುಮಾರು ಒಂದೂವರೆ ಲೀಟರ್ ಪೆಟ್ರೋಲಿನದಕ್ಕೆ ಸಮ. ಆದ್ದರಿಂದ ಕಿಲೋ ದರವನ್ನೂ ಲೀಟರ್ ದರವನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ನಿಜವಾದ ಉಳಿತಾಯ ಕಾಣುವುದಿಲ್ಲ, ಅದು ಇನ್ನೂ ಹೆಚ್ಚಿರುತ್ತದೆ. ದಿನವಿಡೀ ಓಡುವ ಗಾಡಿಗೆ ಈ ಲಾಭ ದೊಡ್ಡದು. ವಾರಕ್ಕೊಮ್ಮೆ ದೇವಸ್ಥಾನಕ್ಕೆ ಹೋಗಿಬರುವ ಕಾರಿಗೆ ಕಿಟ್ಟಿನ ಖರ್ಚು ಮರಳಲು ವರ್ಷಗಳೇ ಬೇಕಾಗಬಹುದು, ಅಂಥವರಿಗೆ ನಾನು ಬೇಡವೆಂದೇ ಹೇಳಿ ಕಳುಹಿಸಿದ್ದೇನೆ. ಹೊಗೆ ಮತ್ತು ಮಸಿ ಕಡಿಮೆ, ಇಂಗಾಲದ ಡೈಆಕ್ಸೈಡ್ ಕೂಡ ಪೆಟ್ರೋಲಿಗಿಂತ ಸುಮಾರು ಕಾಲು ಭಾಗ ಕಡಿಮೆ. ಆದರೆ ಸಿಎನ್‌ಜಿಯ ಬಹುಪಾಲು ಮೀಥೇನ್, ಮತ್ತು ಉರಿಯದೆ ಗಾಳಿಗೆ ಸೇರುವ ಮೀಥೇನ್ ಭೂಮಿಯ ಬಿಸಿಯನ್ನು ಇಂಗಾಲದ ಡೈಆಕ್ಸೈಡಿಗಿಂತ ಹಲವು ಪಟ್ಟು ಏರಿಸುವ ಅನಿಲವಾದ್ದರಿಂದ ಸೋರಿಕೆಯನ್ನು ಹಗುರವಾಗಿ ಕಾಣಬಾರದು. ಎಂಜಿನ್ನಿನೊಳಗೆ ಅನಿಲವು ಗಾಳಿಯ ಜಾಗವನ್ನು ಸ್ವಲ್ಪ ಆಕ್ರಮಿಸುವುದರಿಂದ ಎಳೆತ ಶೇಕಡಾ 10ರಷ್ಟು ತಗ್ಗುತ್ತದೆ. ಇದು ಊರೊಳಗೆ ತಿಳಿಯದಿದ್ದರೂ ಐದು ಜನ ಕೂತು ಗೋವೆಯಿಂದ ಚೋರ್ಲಾ ಘಾಟಿ ಹತ್ತುವಾಗ ಚೆನ್ನಾಗಿ ತಿಳಿಯುತ್ತದೆ. ಡಿಕ್ಕಿಯ ಜಾಗ ಹೋಗುತ್ತದೆ, ಮತ್ತು ಒಣ ಇಂಧನವಾದ್ದರಿಂದ ವಾಲ್ವ್ ಸೀಟುಗಳು ಬೇಗ ಸವೆಯುವ ಸಂಭವವಿದೆ. ಇವೆಲ್ಲ ಹೊಂದಿಕೊಂಡು ಹೋಗಬಹುದಾದ ಕೊರತೆಗಳೇ.

ಸಿಲಿಂಡರಿನ ವಿಷಯ ಹಾಗಲ್ಲ. ನಮ್ಮ ಜನರ ಮನಸ್ಸಿನಲ್ಲಿ ಗ್ಯಾಸ್ ಸಿಲಿಂಡರ್ ಎಂದರೆ ಅಡುಗೆಮನೆಯದು, ಆದ್ದರಿಂದ ಕಾರಿನಲ್ಲಿರುವುದನ್ನೂ ಅದರ ತಮ್ಮನೆಂದೇ ತಿಳಿಯುತ್ತಾರೆ. ಅಡುಗೆ ಅನಿಲವು ಸಿಲಿಂಡರಿನೊಳಗೆ ದ್ರವವಾಗಿರುತ್ತದೆ, ಅದರ ಒತ್ತಡ ಹವೆಯ ಬಿಸಿಯನ್ನು ಅವಲಂಬಿಸಿ ಸಾಮಾನ್ಯವಾಗಿ 10 ಬಾರ್‌ಗಿಂತ ಕೆಳಗೇ ಇರುತ್ತದೆ. ಸಿಎನ್‌ಜಿ ದ್ರವವಾಗುವುದೇ ಇಲ್ಲ. ಅದನ್ನು ಅನಿಲವಾಗಿಯೇ 200 ಬಾರ್ ಒತ್ತಡದಲ್ಲಿ ತುರುಕಿ ತುಂಬುತ್ತಾರೆ. ಕಾರಿನ ಟೈರಿನಲ್ಲಿರುವುದು ಎರಡು ಬಾರ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೆ. 200 ಬಾರ್ ಎಂದರೆ ಸಿಲಿಂಡರಿನ ಒಳಗೋಡೆಯಲ್ಲಿ ಹತ್ತು ರೂಪಾಯಿ ನಾಣ್ಯದಷ್ಟು ಅಗಲದ ಜಾಗದ ಮೇಲೆ ಹನ್ನೊಂದು ಕ್ವಿಂಟಲ್‌ಗೂ ಹೆಚ್ಚಿನ ಭಾರ ಒತ್ತುತ್ತಿದೆ ಎಂದರ್ಥ. ಹನ್ನೊಂದು ಚೀಲ ಜೋಳವನ್ನು ಒಂದು ನಾಣ್ಯದ ಮೇಲೆ ನಿಲ್ಲಿಸಿದಂತೆ, ಮತ್ತು ಅಂಥ ನಾಣ್ಯದಗಲದ ಜಾಗಗಳು ಸಿಲಿಂಡರಿನೊಳಗೆ ನೂರಾರಿವೆ.

ಈಗ ಆ ಪ್ರಶ್ನೆಗೆ ಬರೋಣ. ಸೋರುವುದು ಬೇರೆ, ಸವೆಯುವುದು ಬೇರೆ. ಅನಿಲ ಸೋರುವುದು ಹೆಚ್ಚಾಗಿ ಕೀಲುಗಳಲ್ಲಿ: ವಾಲ್ವು, ಪೈಪಿನ ಜೋಡಣೆ, ರೆಗ್ಯುಲೇಟರು. ಸಾಬೂನು ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ, ವಾಸನೆಗೆಂದು ಬೆರೆಸಿದ ರಾಸಾಯನಿಕ ಮೂಗಿಗೆ ಬಡಿಯುತ್ತದೆ, ನಾವು ನಟ್ಟು ಬಿಗಿಮಾಡುತ್ತೇವೆ ಅಥವಾ ಆ ಭಾಗವನ್ನೇ ಬದಲಿಸುತ್ತೇವೆ. ಸೋರಿಕೆ ತನ್ನನ್ನು ತಾನೇ ತೋರಿಸಿಕೊಳ್ಳುವ ದೋಷ. ಸಿಲಿಂಡರಿನ ಉಕ್ಕಿನ ಗೋಡೆ ದುರ್ಬಲವಾಗುತ್ತಿರುವಾಗ ಗುಳ್ಳೆಯೂ ಏಳುವುದಿಲ್ಲ, ವಾಸನೆಯೂ ಬರುವುದಿಲ್ಲ, ಗಾಡಿಯ ಓಟದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಪ್ರತಿ ಸಲ ತುಂಬಿದಾಗ ಉಕ್ಕು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ, ಖಾಲಿಯಾದಂತೆ ಕುಗ್ಗುತ್ತದೆ. ದಿನಕ್ಕೊಮ್ಮೆ ತುಂಬಿಸುವ ಆಟೊದಲ್ಲಿ ಮೂರು ವರ್ಷಕ್ಕೆ ಇದು ಸಾವಿರ ಸಲವಾಗುತ್ತದೆ. ಒಳ್ಳೆಯ ಉಕ್ಕಿಗೆ ಇದು ಭಾರವಲ್ಲ, ಅದಕ್ಕೆಂದೇ ಅದನ್ನು ತಯಾರಿಸಿರುತ್ತಾರೆ. ಆದರೆ ಎಲ್ಲಿಯಾದರೂ ತುಕ್ಕು ತಿಂದ ಗುಂಡಿಯೋ ಆಳವಾದ ಗೀರೋ ಇದ್ದರೆ ಆ ಹಿಗ್ಗು ಕುಗ್ಗಿನ ಶ್ರಮವೆಲ್ಲ ಆ ಒಂದೇ ಜಾಗದಲ್ಲಿ ಕೂಡಿಬೀಳುತ್ತದೆ. ಅಂಥ ಸಿಲಿಂಡರ್ ಸೋರಿಕೆಯ ಮುನ್ಸೂಚನೆ ಕೊಟ್ಟೇ ಕೆಡುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ನಾನಂತೂ ಕೊಡಲಾರೆ.

ಇದನ್ನು ನನಗಿಂತ ಚೆನ್ನಾಗಿ ಬಲ್ಲವರೇ ಮರೆಯುವುದು ನನಗೆ ಹೆಚ್ಚು ನೋವು ಕೊಡುತ್ತದೆ. ನಮ್ಮ ಉದ್ಯಮಬಾಗವು ಎರಕದ ಕೆಲಸಕ್ಕೆ, ಹೈಡ್ರಾಲಿಕ್ ಯಂತ್ರಭಾಗಗಳಿಗೆ ಹೆಸರಾದ ಜಾಗ. ಇಲ್ಲಿಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷಗಳಿಂದ ಹೈಡ್ರಾಲಿಕ್ ಸಿಲಿಂಡರುಗಳನ್ನು ಒತ್ತಡಕ್ಕೆ ಒಡ್ಡಿ ಪರೀಕ್ಷಿಸುವ ಹಿರಿಯರೊಬ್ಬರು ನನ್ನ ಗಿರಾಕಿ. ಪರೀಕ್ಷೆಯಾಗದ ಒಂದು ತುಂಡನ್ನೂ ಅವರು ಗೇಟಿನಾಚೆ ಬಿಡುವವರಲ್ಲ. ಅವರ ಸ್ವಂತ ಕಾರಿನ ಸಿಲಿಂಡರಿನ ಫಲಕ ನೋಡಿದರೆ ಪರೀಕ್ಷೆಯ ಅವಧಿ ಮುಗಿದು ಎರಡು ವರ್ಷವಾಗಿತ್ತು. "ಕಾಕಾ, ನಿಮ್ಮ ಟೆಸ್ಟ್ ಬೆಂಚಿನ ಮ್ಯಾಲ ಇದ್ದಿದ್ರ ಇದನ್ನ ಪಾಸ್ ಮಾಡ್ತಿದ್ರೇನ್ರಿ?" ಎಂದು ಕೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ಮುಂಜಾನೆ ಎಂಟಕ್ಕೇ ಕಾರು ತಂದು ಬಿಟ್ಟುಹೋದರು.

ನಿಯಮದಂತೆ ವಾಹನದ ಸಿಎನ್‌ಜಿ ಸಿಲಿಂಡರನ್ನು 3 ವರ್ಷಕ್ಕೊಮ್ಮೆ ಪರೀಕ್ಷಿಸಬೇಕು, ಅದೂ ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ, ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆ ನೋಡಿಕೊಳ್ಳುವ ಪೆಸೊ ಇಲಾಖೆಯ ಮಾನ್ಯತೆ ಪಡೆದ ಕೇಂದ್ರದಲ್ಲಿ. ನಾವು ವರ್ಕ್‌ಶಾಪಿನವರು ಸಿಲಿಂಡರನ್ನು ಬಿಚ್ಚಿ ಕಳುಹಿಸಬಹುದೇ ಹೊರತು ಪರೀಕ್ಷಿಸಿ ಮುದ್ರೆ ಒತ್ತುವ ಅಧಿಕಾರ ನಮಗಿಲ್ಲ. ಅಲ್ಲಿ ಅನಿಲವನ್ನು ಹೊರತೆಗೆದು, ವಾಲ್ವು ಬಿಚ್ಚಿ, ಒಳಗೆ ದೀಪ ಬಿಟ್ಟು ನೋಡುತ್ತಾರೆ, ತೂಕ ಮಾಡುತ್ತಾರೆ. ತೂಕವು ಮೂಲ ತೂಕಕ್ಕಿಂತ ಶೇಕಡಾ 5ನ್ನು ಮೀರಿ ಇಳಿದಿದ್ದರೆ ಅಷ್ಟು ಉಕ್ಕು ತುಕ್ಕಾಗಿ ಹೋಗಿದೆಯೆಂದು ಅದನ್ನು ತಿರಸ್ಕರಿಸುತ್ತಾರೆ. ನಂತರ ನೀರು ತುಂಬಿ, ಸಾಮಾನ್ಯ ಒತ್ತಡದ ಒಂದೂವರೆ ಪಟ್ಟು ಅಥವಾ ಅದಕ್ಕೂ ಮೇಲಿನ ಒತ್ತಡ ಕೊಟ್ಟು ಸಿಲಿಂಡರ್ ಎಷ್ಟು ಹಿಗ್ಗಿತೆಂದು ಅಳೆಯುತ್ತಾರೆ. ನೀರನ್ನೇ ಬಳಸುವುದಕ್ಕೆ ಕಾರಣವಿದೆ: ನೀರು ಒತ್ತಿದರೆ ಬಹುತೇಕ ಕುಗ್ಗುವುದಿಲ್ಲವಾದ್ದರಿಂದ ಪರೀಕ್ಷೆಯಲ್ಲಿ ಸಿಲಿಂಡರ್ ಬಿರಿದರೂ ಅನಿಲದಂತೆ ಸಿಡಿಯುವುದಿಲ್ಲ. ಒತ್ತಡ ಇಳಿಸಿದ ಮೇಲೆ ಅದು ಮೊದಲಿನ ಅಳತೆಗೆ ಮರಳಿತೇ ಎಂಬುದೇ ಇಡೀ ಪರೀಕ್ಷೆಯ ಜೀವಾಳ. ಹೊರಸಿನ ಹೊಸ ನವಾರು ಕೂತರೆ ತಗ್ಗುತ್ತದೆ, ಎದ್ದರೆ ಮೇಲೇಳುತ್ತದೆ, ಹಳೆಯದು ತಗ್ಗಿದಲ್ಲೇ ಉಳಿಯುತ್ತದೆ. ಹಾಗೆ ಮರಳದೆ ಉಳಿದ ಹಿಗ್ಗು ಒಟ್ಟು ಹಿಗ್ಗಿನ ಶೇಕಡಾ 10ನ್ನು ಮೀರಿದರೆ ಆ ಸಿಲಿಂಡರ್ ಕೆಲಸಕ್ಕೆ ಬಾರದು.

ನಮ್ಮ ಭಾಗದಲ್ಲಿ ತುಕ್ಕಿನ ಮಾತನ್ನು ಇನ್ನಷ್ಟು ಒತ್ತಿ ಹೇಳಬೇಕಾಗಿದೆ. ಬೆಳಗಾವಿಯಿಂದ ಖಾನಾಪುರದತ್ತ ಸರಿದಂತೆ ಮಳೆಗಾಲ ಎಂಥದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಸಿಲಿಂಡರನ್ನು ಹಿಡಿದಿಡುವ ಪಟ್ಟಿಯ ಕೆಳಗಿನ ರಬ್ಬರಿನಲ್ಲಿ ನೀರು ಮತ್ತು ಕೆಸರು ಸೇರಿದರೆ ದೀಪಾವಳಿಯವರೆಗೂ ಆರುವುದಿಲ್ಲ, ಮತ್ತು ನಾನು ಕಂಡ ಕೆಟ್ಟ ಗುಂಡಿಗಳಲ್ಲಿ ಹೆಚ್ಚಿನವು ಆ ಪಟ್ಟಿಯ ಅಡಿಯಲ್ಲೇ ಇದ್ದವು. ಹೊರಗಿನಿಂದ ನೋಡಿದರೆ ಬಣ್ಣ ಹೊಸದರಂತೆ ಹೊಳೆಯುತ್ತಿರುತ್ತದೆ. ಪುಣೆ ಮುಂಬೈಗಳಿಂದ ಅಗ್ಗಕ್ಕೆ ಸೆಕೆಂಡ್ ಹ್ಯಾಂಡ್ ಸಿಎನ್‌ಜಿ ಕಾರು ತರುವವರಿಗೆ ನನ್ನದೊಂದು ವಿನಂತಿ: ಟೈರು, ಸೀಟು, ಸ್ಪೀಕರು ನೋಡುವ ಮೊದಲು ಸಿಲಿಂಡರಿನ ಕುತ್ತಿಗೆಯ ಬಳಿ ಕೊರೆದ ಸಂಖ್ಯೆಯೂ ಪ್ರಮಾಣಪತ್ರದ ಸಂಖ್ಯೆಯೂ ಒಂದೇ ಆಗಿವೆಯೇ, ಕಿಟ್ಟಿನ ವಿವರ ಆರ್‌ಸಿಯಲ್ಲಿ ದಾಖಲಾಗಿದೆಯೇ ಎಂದು ನೋಡಿರಿ. ದಾಖಲಾಗದಿದ್ದರೆ ವಿಮೆಯ ಹಣ ಕೇಳುವ ದಿನ ತೊಂದರೆಯಾಗಬಹುದು. ಸಿಲಿಂಡರನ್ನು ಗಾಡಿಯಿಂದ ಇಳಿಸದೆ ಬರಿಯ ಕಾಗದ ಬರೆದುಕೊಡುತ್ತೇನೆ ಎನ್ನುವವರು ಸಿಕ್ಕರೆ ದಯವಿಟ್ಟು ಅವರಿಗೆ ಹಣ ಕೊಡಬೇಡಿ.

ಇಷ್ಟು ಹೇಳಿದೆನೆಂದು ಯಾರೂ ಸಿಎನ್‌ಜಿಗೆ ಅಂಜಬೇಕಾಗಿಲ್ಲ. ಈ ಅನಿಲ ಗಾಳಿಗಿಂತ ಹಗುರ, ಸೋರಿದರೂ ತೆರೆದ ಜಾಗದಲ್ಲಿ ಮೇಲೇರಿ ಚದುರಿಹೋಗುತ್ತದೆ, ಅಡುಗೆ ಅನಿಲದಂತೆ ನೆಲ ಹಿಡಿದು ಕೂರುವುದಿಲ್ಲ. ತಾನಾಗಿ ಹೊತ್ತಿಕೊಳ್ಳಲು ಪೆಟ್ರೋಲಿಗಿಂತ ಬಹಳ ಹೆಚ್ಚಿನ ಬಿಸಿ, 500 ಡಿಗ್ರಿಗೂ ಮೇಲೆ, ಬೇಕು. 1998ರ ಸುಪ್ರೀಂ ಕೋರ್ಟ್ ಆದೇಶದ ನಂತರ ಕೆಲವೇ ವರ್ಷಗಳಲ್ಲಿ ದೆಹಲಿಯ ನಗರ ಸಾರಿಗೆ ಬಸ್ಸುಗಳು ಇದಕ್ಕೆ ಬದಲಾದವು. ಇಂಧನವನ್ನು ನಾನು ಪೂರ್ತಿ ನಂಬುತ್ತೇನೆ, ಪಾತ್ರೆಯನ್ನು ಪರೀಕ್ಷೆಯಾದ ಮೇಲೆ ಮಾತ್ರ ನಂಬುತ್ತೇನೆ. ತುಂಬಿಸುವ ಹೊತ್ತಿನಲ್ಲಿ ಒತ್ತಡ ಏರುತ್ತದೆ, ಆದ್ದರಿಂದಲೇ ಪಂಪಿನಲ್ಲಿ ಎಲ್ಲರನ್ನೂ ಕೆಳಗಿಳಿಸುತ್ತಾರೆ. ಸವದತ್ತಿಯ ಜಾತ್ರೆಗೆ ಹೊರಟ ಗಾಡಿಯಲ್ಲಿ ನಿದ್ದೆ ಹೋದ ಮಕ್ಕಳನ್ನು "ಇರಲಿ ಬಿಡ್ರಿ" ಎಂದು ಒಳಗೇ ಬಿಡುವವರನ್ನು ಕಂಡರೆ ನನಗೆ ಸಿಟ್ಟು ತಡೆಯಲಾಗುವುದಿಲ್ಲ.

ಆಟೊದವರು ಪರೀಕ್ಷೆ ಮುಂದೂಡುವುದು ಉಡಾಫೆಯಿಂದಲ್ಲ, ಗಾಡಿ ನಿಂತಷ್ಟು ದಿನ ಒಲೆಯ ಚಿಂತೆಯಿರುತ್ತದೆ ಎಂಬುದನ್ನು ನಾನು ಬಲ್ಲೆ. ಅದಕ್ಕಾಗಿ ಫಿಟ್‌ನೆಸ್ ಮಾಡಿಸುವ ವಾರದಲ್ಲೇ, ಇಲ್ಲವೇ ಬಾಡಿಗೆ ಕಡಿಮೆಯಿರುವ ಆಷಾಢದಲ್ಲಿ ಇದನ್ನೂ ಮುಗಿಸಿಕೊಳ್ಳಿ ಎಂದು ಅವರಿಗೆ ಹೇಳುತ್ತೇನೆ. ಹೋದ ವರ್ಷ ಹಾಗೆ ಬಂದ ಟಮ್‌ಟಮ್ಮಿನ ಹುಡುಗನೊಬ್ಬನ ಸಿಲಿಂಡರಿನ ಪಟ್ಟಿ ಬಿಚ್ಚಿದಾಗ ಅಡಿಯಲ್ಲಿ ಬೆರಳ ತುದಿ ಕೂರುವಷ್ಟು ಗುಂಡಿ ಕಂಡಿತು. ಕೇಂದ್ರದವರು ನೀರು ತುಂಬುವ ಮೊದಲೇ ಅದನ್ನು ತಿರಸ್ಕರಿಸಿದರು. ತಿರಸ್ಕೃತ ಸಿಲಿಂಡರನ್ನು ಮತ್ತೆ ಯಾರೂ ಬಳಸದಂತೆ ಕತ್ತರಿಸಿ ಹಾಳುಮಾಡಬೇಕೆಂಬ ನಿಯಮವಿದೆ. ಹಳೆಯದನ್ನು ಮಾರಿದರೆ ನಾಲ್ಕು ಕಾಸಾದರೂ ಸಿಕ್ಕೀತೆಂದು ಮೊದಲು ಬೇಡಿಕೊಂಡ ಅವನು, ಕತ್ತರಿಸಿದ ಮೇಲೆ ಆ ಜಾಗದಲ್ಲಿ ಉಳಿದಿದ್ದ ಗೋಡೆಯ ದಪ್ಪವನ್ನು ಉಗುರಿನಿಂದ ಮುಟ್ಟಿ ನೋಡಿದ. ಅದೇ ಗಾಡಿಯಲ್ಲಿ ದಿನಾ ಮುಂಜಾನೆ ತನ್ನ ಮಗಳನ್ನೂ ಓಣಿಯ ಆರು ಮಕ್ಕಳನ್ನೂ ಶಾಲೆಗೆ ಬಿಡುತ್ತಿದ್ದೆನೆಂದು ಹೇಳಿದ. ಆ ತುಂಡಿನ ಫೋಟೊ ತೆಗೆದುಕೊಂಡು ಹೋಗಿ ಸ್ಟ್ಯಾಂಡಿನಲ್ಲಿ ತೋರಿಸಿದನಂತೆ, ಅದೇ ತಿಂಗಳು ಅಲ್ಲಿಂದ ಒಂಬತ್ತು ಗಾಡಿಗಳು ಬಂದವು.